ಮಷಿನ್ನು ತಿರುಗುವ ಅಂಗಳ

ಸತ್ತವನಿಗಾಗಿ ನಡೆದ ಒಂಬತ್ತು ದಿನದ ಪ್ರಾರ್ಥನೆ ಮುಗಿದ ಮರುದಿನ ಬೆಳಿಗ್ಗೆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ನೆಂಟರಿಷ್ಟರು ಹಿಂದಿನ ದಿನವೇ, ಬೆಳಕಿರುವಾಗ, ಕಣಿವೆ ಇಳಿದು ಹೋಗಿದ್ದರು. ಶಾಲೆಯಿಂದ ತಂದ ಕುರ್ಚಿಗಳು ಶಾಲೆಗೆ ಹೋಗಿದ್ದವು. ದೊಡ್ಡ ಪಾತ್ರೆಗಳನ್ನು ಯಾರೋ ಪುಣ್ಯಾತ್ಗಿತ್ತಿಯರು ತಿಕ್ಕಿ ಬೋರಲು ಹಾಕಿದ್ದರು. ಯಾರಿಗೂ ಊಟ ಬಡಿಸಬೇಕಾಗಿರಲಿಲ್ಲ, ಯಾರ ಸಮಾಧಾನದ ಮಾತನ್ನೂ ಕೇಳಬೇಕಾಗಿರಲಿಲ್ಲ.

ಯಾಸ್ನಾ ಒಲೆಗೆ ಸೌದೆ ತುರುಕಿ ಕೆಟಲಿಟ್ಟಳು. ಸೋರೆಬುರುಡೆಗೆ ಯೆರ್ಬಾ ಸೊಪ್ಪು ಹಾಕಿ, ಬಿಸಿನೀರು ಹೊಯ್ದು, ಹೀರುವ ಕೊಳವೆ ಸಿಕ್ಕಿಸಿ ಅತ್ತೆಯ ಕೈಗೆ ಕೊಟ್ಟಳು. ಅತ್ತೆ ದೋನ್ಯಾ ನೋಲ್ಫಾ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಪೀನೊ ಸೆಕೊ ಕಣಿವೆಯಲ್ಲೆಲ್ಲ ಅಷ್ಟು ದೊಡ್ಡ ಗಾಜಿನ ಕಿಟಕಿ ಇನ್ನೊಂದಿರಲಿಲ್ಲ. ಯಾಸ್ನಾಳ ಗಂಡ ಎಲಿಯೆಸೆರ್ ಅದನ್ನು ತೆಮುಕೊ ನಗರದಿಂದ ಕಂಬಳಿಯಲ್ಲಿ ಸುತ್ತಿ, ಹಸುಗೂಸಿನ ಹಾಗೆ ತಂದಿದ್ದ. ಅದರಲ್ಲಿ ಅಗ್ನಿಪರ್ವತ ಇಡಿಯಾಗಿ ಕಾಣುತ್ತಿತ್ತು.

ಮೂಲೆಯಲ್ಲಿ ಪಿನ್ಯೋನ್ ಬೀಜದ ಮೂಟೆ ಇತ್ತು. ಹದಿನೈದು ದಿನದಿಂದ ಯಾರೂ ಅದರ ಬಾಯಿ ಬಿಚ್ಚಿರಲಿಲ್ಲ.

ಚಳಿಗಾಲಕ್ಕೆ ಮುಂಚೆ ಪೆವೆನ್ ಮರದಿಂದ ಪಿನ್ಯೋನ್ ಉದುರುವಾಗ ಕಣಿವೆಯ ಪ್ರತಿ ಮನೆಯಲ್ಲೂ ಒಬ್ಬರಾದರೂ ಹೊಟ್ಟೆ ಹಿಡಿದುಕೊಂಡು ಮಲಗುತ್ತಾರೆ. ಬೇಯಿಸಿದ್ದು, ಸುಟ್ಟದ್ದು, ಮಿತಿಯಿಲ್ಲದೆ ತಿಂದು ಹೊಟ್ಟೆ ಉಬ್ಬಿಸಿಕೊಳ್ಳುವುದು, ಉಳಿದವರು ನಗುವುದು, ಬೋಲ್ದೊ ಎಲೆಯ ಕಷಾಯ ಕುಡಿಸಿ ಕಂಬಳಿ ಹೊದಿಸುವುದು. ಎಲಿಯೆಸೆರನಿಗೂ ಅದೇ ಆಗಿದೆ ಅಂದುಕೊಂಡರು. ಶುಕ್ರವಾರ ನಕ್ಕರು. ಶನಿವಾರ ಇನ್ನೊಂದು ಸಲ ಕಷಾಯ ಕಾಸಿದರು. ಭಾನುವಾರ ಬೆಳಗಾಗುವ ಹೊತ್ತಿಗೆ ಅವನ ಮೈ ಕೆಂಡವಾಗಿತ್ತು, ಹೊರಗೆ ಹಿಮ ಸೊಂಟದ ಮಟ್ಟ ಬಿದ್ದಿತ್ತು. ಕರುಳಿನ ತುದಿ ಕೊಳೆತು ಒಳಗೇ ಒಡೆದಿತ್ತೆಂದು ಆಮೇಲೆ ಗೊತ್ತಾಯಿತು. ಆಂಬುಲೆನ್ಸ್, ಹಿಮ ತಳ್ಳುವ ಮಷಿನ್ನು ತಿರುಗುವ ಜಾಗದ ತನಕ ಬಂದು ನಿಂತಿತು. ಅಲ್ಲಿಂದ ಮೇಲೆ ರಸ್ತೆ ಹಿಮದಡಿ ಹೂತುಹೋಗಿತ್ತು. ಜಾರುಬಂಡಿಗೆ ಎತ್ತು ಕಟ್ಟಿ, ಅವನನ್ನು ಮಲಗಿಸಿ ಇಳಿಸಿದರು. ನಾಲ್ಕು ಕಿಲೋಮೀಟರು. ಮೂರು ಗಂಟೆ ಹತ್ತು ನಿಮಿಷ. ಕೊನೆಯ ತಿರುವಿನಲ್ಲಿ ಆಂಬುಲೆನ್ಸಿನ ದೀಪ ಕಾಣಿಸಿತು. ಅವನು ನೋಡಲಿಲ್ಲ.

ಆ ಹಿಮ ನಾಲ್ಕೇ ದಿನಕ್ಕೆ ಕರಗಿ ಹೋಯಿತು. ಮೇ ತಿಂಗಳ ಹಿಮ ಹಾಗೇ, ಬಂದದ್ದೂ ಸುಳ್ಳೆನ್ನುವ ಹಾಗೆ ಹೋಗುತ್ತದೆ. ನಿಜವಾದದ್ದು ಇನ್ನೂ ಬರಬೇಕಿತ್ತು.

"ಅತ್ತೆ, ನಾನು ಕೆಳಗೆ ಮನೆ ನೋಡ್ತೀನಿ," ಎಂದಳು ಯಾಸ್ನಾ.

ನೋಲ್ಫಾ ಕೊಳವೆಯಿಂದ ಬಾಯಿ ತೆಗೆದರು. "ಯಾವ ಮನೆ?"

"ಗೊತ್ತಿಲ್ಲ. ರಸ್ತೆ ಇರೋ ಮನೆ. ಆಗಸ್ಟ್ ಕೊನೆಗೆ ಇದು ಬರುತ್ತೆ." ಅವಳ ಕೈ ಹೊಟ್ಟೆಯ ಮೇಲಿತ್ತು. "ಆಗಸ್ಟಲ್ಲಿ ಇಲ್ಲಿಂದ ಹೇಗೆ ಇಳೀಲಿ?"

ಆಗಸ್ಟ್ ಎಂದರೆ ನಡು ಚಳಿಗಾಲ, ಆ ದೊಡ್ಡ ಕಿಟಕಿಯ ಅರ್ಧ ಹಿಮದಲ್ಲಿ ಮುಚ್ಚಿಹೋಗುವ ತಿಂಗಳು. ಅದನ್ನು ನೋಲ್ಫಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಜುಲೈಗೇ ತೆಮುಕೊಗೆ ಹೋಗು, ನಿಮ್ಮಮ್ಮನ ಮನೆಗೆ. ಎಲ್ರೂ ಹಾಗೇ ಮಾಡೋದು."

"ಹೋಗಿ ಹೆತ್ತು ಬಂದೆ ಅಂತಿಟ್ಕೊಳ್ಳಿ. ಆಮೇಲೆ? ಕೂಸಿಗೆ ಜ್ವರ ಬಂದ್ರೆ? ಅದರ ಮುಂದಿನ ಚಳಿಗಾಲ?"

"ಹಾಗಾದ್ರೆ ಅಲ್ಲೇ ಇದ್ಬಿಡು ಮಗಾ. ನಿಂಗೆ ಕೆಲಸ ಎಲ್ಲಾದ್ರೂ ಸಿಗುತ್ತೆ."

"ಶಾಲೆ ಇಲ್ಲಿದೆ. ಅವನೂ ಇಲ್ಲೇ ಇದಾನೆ. ಕಣಿವೆ ಬಿಡಲ್ಲ ಅತ್ತೆ. ಈ ಗುಡ್ಡ ಬಿಡ್ತೀನಿ. ನೀವೂ ಬನ್ನಿ."

"ಇದು ನನ್ನ ಮಗ ಕೈಯಾರೆ ಕಟ್ಟಿದ ಮನೆ."

"ಹೌದು."

"ಈ ಗಾಜು ಕೂರ್ಸೋಕೆ ಮೂರು ದಿನ ತಗೊಂಡ."

"ಹೌದು. ಜನವರಿ ಬಿಸಿಲಲ್ಲಿ."

ನೋಲ್ಫಾ ಬುರುಡೆಯನ್ನು ಮೇಜಿನ ಮೇಲೆ ಕುಕ್ಕಿದರು. "ಭೂಗೋಳ ಓದಿದೋಳು ನೋಡು. ಎಲ್ಲದಕ್ಕೂ ತಿಂಗಳು ಬೇಕು, ಅಳತೆ ಬೇಕು. ನಾನು ಬರಲ್ಲ."

ಯಾಸ್ನಾಳ ತಲೆಯಲ್ಲಿದ್ದದ್ದು ಒಂದೇ ಒಂದು ವಿಷಯ, ಮೊಳೆ ಹೊಡೆದ ಹಾಗೆ: ಈ ಕೂಸು ಎತ್ತಿನ ಜಾರುಬಂಡಿ ಹತ್ತಬಾರದು.

ಕೋಟು ತೊಟ್ಟುಕೊಂಡಳು. ಬಾಗಿಲ ಪಕ್ಕದ ಗೂಟದಲ್ಲಿ ಹಿಮದಲ್ಲಿ ಜಾರದಂತೆ ಗಾಡಿಚಕ್ರಕ್ಕೆ ಸುತ್ತುವ ಸರಪಳಿ ತೂಗುತ್ತಿತ್ತು. ಹೋದ ಚಳಿಗಾಲದಲ್ಲಿ ಎಲಿಯೆಸೆರ್ ಎರಡು ದಿನದ ಮಟ್ಟಿಗೆಂದು ಹಿಮದ ಮಷಿನ್ನು ಓಡಿಸುವ ದೋನ್ ರೊಸಾಮೆಲ್ ಹತ್ತಿರ ಇಸಕೊಂಡು ಬಂದದ್ದು. ಆ ಚಳಿಗಾಲದಲ್ಲಿ ಅದಿಲ್ಲದೆ ಅವಳು ಗುಡ್ಡದಿಂದ ಒಂದು ದಿನವೂ ಪಾಠ ಮಾಡಲು ಶಾಲೆಗೆ ಇಳಿದಿರಲಿಲ್ಲ. ಕೈಗೆ ತೆಗೆದುಕೊಂಡಳು, ತೂಕ ನೋಡಿದಳು, ಮತ್ತೆ ಗೂಟಕ್ಕೇ ಹಾಕಿದಳು. ಇಲ್ಲಿ ಇರುವಷ್ಟು ದಿನ ಅದನ್ನು ಕೊಡುವ ಹಾಗಿರಲಿಲ್ಲ.

ಮಷಿನ್ನು ತಿರುಗುವ ಜಾಗವೆಂದರೆ ಕಣಿವೆಯ ರಸ್ತೆ ಅಗಲವಾಗಿ ಹರಡಿಕೊಳ್ಳುವ ಒಂದು ಬಯಲು. ಒಂದು ತಗಡಿನ ಶೆಡ್ಡು, ಡೀಸೆಲ್ ಪೀಪಾಯಿಗಳು, ಹಿಮ ತಳ್ಳುವ ದೊಡ್ಡ ಹಳದಿ ಮಷಿನ್ನು. ದೋನ್ ರೊಸಾಮೆಲ್ ಅದರ ಅಲಗಿನ ಕೆಳಗೆ ಅಂಗಾತ ಮಲಗಿ ಬೋಲ್ಟು ತಿರುಗಿಸುತ್ತಿದ್ದರು. ಮೊದಲು ಅವರ ಬೂಟು ಮಾತಾಡಿತು.

"ಯಾರು? ಟೀಚರಮ್ಮನಾ? ಸರಪಳಿಗೆ ಅವಸರ ಇಲ್ಲಮ್ಮ, ಇಟ್ಕೊಳ್ಳಿ."

"ಸರಪಳಿ ಆಮೇಲೆ, ದೋನ್ ರೊಸಾಮೆಲ್. ಒಂದು ಕೇಳ್ಬೇಕಿತ್ತು. ನೀವು ಹಿಮನ ಯಾವ ಕಡೆ ತಳ್ತೀರಿ?"

ರೊಸಾಮೆಲ್ ಹೊರಗೆ ಉರುಳಿಕೊಂಡು ಬಂದು ಕೂತರು. "ಇಪ್ಪತ್ತೆರಡು ವರ್ಷದಿಂದ ಇದನ್ನ ಓಡಿಸ್ತಿದೀನಿ. ಬೈಯೋಕೆ ಬಂದೋರು ಲೆಕ್ಕ ಇಲ್ಲ. ಹೀಗೆ ಕೇಳಿದೋರು ನೀವೊಬ್ರೇ."

"ಹೇಳಿ."

"ಹೊಳೆ ಕಡೆ. ಹೋಗ್ತಾನೂ ಹೊಳೆ ಕಡೆ, ಬರ್ತಾನೂ ಹೊಳೆ ಕಡೆ. ಗುಡ್ಡದ ಕಡೆ ಹಾಕಿದ್ರೆ ಸಂಜೆಗೆ ಅದೇ ಉರುಳ್ಕೊಂಡು ರಸ್ತೆಗೆ ಬಂದು ಕೂತಿರುತ್ತೆ."

"ಹೊಳೆ ಕಡೆ ಬಾಗಿಲಿರೋರು?"

"ನಮ್ಮಮ್ಮನ್ನ ನೆನೆಸ್ಕೊಂಡು ಬೈತಾರೆ. ದಿನಾ ಬೆಳಿಗ್ಗೆ. ಸ್ವರ್ಗದಲ್ಲಿ ಅವಳಿಗೆ ನಿದ್ದೆ ಇಲ್ಲ ಪಾಪ."

ಯಾಸ್ನಾ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡಳು. ರೊಸಾಮೆಲ್ ಅದನ್ನು ಅನುಮಾನದಿಂದ ನೋಡಿದರು.

"ಮೊದಲು ಎಲ್ಲಿಂದ ಶುರು ಮಾಡ್ತೀರಿ?"

"ಇಲ್ಲಿಂದ ಕೆಳಗೆ. ಶಾಲೆ, ಆರೋಗ್ಯ ಕೇಂದ್ರ, ಆಮೇಲೆ ಡಾಂಬರು ರಸ್ತೆ ತನಕ. ಹನ್ನೊಂದಕ್ಕೆಲ್ಲ ತೆರೆದಿರುತ್ತೆ. ಮೇಲಿನ ಗುಡ್ಡಗಳಿಗೆ ಮಧ್ಯಾಹ್ನದ ಮೇಲೆ, ಇಲ್ಲ ಮಾರನೇ ದಿನ." ಅವರ ದನಿ ಇಳಿಯಿತು. "ಆ ಭಾನುವಾರ ನಾನು ಮೊದ್ಲು ಮೇಲೆ ಬಂದಿದ್ರೆ, ಟೀಚರಮ್ಮ…"

"ಮೇಲೆ ಬಂದಿದ್ರೆ ಕೆಳಗೆ ರಸ್ತೆ ಇರ್ತಿರಲಿಲ್ಲ. ಆಂಬುಲೆನ್ಸ್ ಇಲ್ಲಿಗೂ ಬರ್ತಿರಲಿಲ್ಲ. ನಾನು ಲೆಕ್ಕ ಹಾಕಿದೀನಿ." ಅವಳು ಪುಸ್ತಕ ಮುಚ್ಚಿದಳು. "ನಿಮ್ಮದೇನೂ ತಪ್ಪಿಲ್ಲ."

ಅದನ್ನು ಅವಳು ಹಿಮದ ಅಳತೆ ಹೇಳುವ ದನಿಯಲ್ಲೇ ಹೇಳಿದಳು. ರೊಸಾಮೆಲ್ ಪಾನಾ ಎತ್ತಿಕೊಂಡು ಮತ್ತೆ ಅಲಗಿನ ಕೆಳಗೆ ಉರುಳಿದರು.

ಕಣಿವೆಯಲ್ಲಿ ಖಾಲಿ ಮನೆಗಳ ಬೀಗದ ಕೈಯೆಲ್ಲ ಒನೋಫ್ರೆಯ ಅಂಗಡಿಯ ಗೋಡೆಯಲ್ಲಿ ತೂಗುತ್ತವೆ. ಸಾಂತ್ಯಾಗೊದವರು ಬೇಸಗೆಗೆಂದು ಕಟ್ಟಿದ ಮನೆಗಳು, ಬಿಟ್ಟು ಹೋದವರ ಮನೆಗಳು. ಒನೋಫ್ರೆ ಅವಳನ್ನು ಮೊದಲು ಕರೆದುಕೊಂಡು ಹೋದದ್ದು ಹೊಳೆಯ ದಂಡೆಗೆ. ಮರದ ಜಗಲಿ, ಜಗಲಿಯ ಕೆಳಗೆ ನೀರು, ನೀರಿನಲ್ಲಿ ಕಾಡುಬಾತು.

"ಇಲ್ಲಿ ಕೂತು ಒಂದು ಬುರುಡೆ ಯೆರ್ಬಾ ಕುಡಿದ್ರೆ ಸತ್ತೋರೂ ಎದ್ದು ಬರ್ತಾರೆ," ಎಂದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಯಾಸ್ನಾ ಜಗಲಿಯ ಕಡೆ ತಿರುಗಿಯೂ ನೋಡಲಿಲ್ಲ. ಗೇಟಿನ ಹತ್ತಿರ ನಿಂತು ರಸ್ತೆಯಿಂದ ಬಾಗಿಲಿಗೆ ಹೆಜ್ಜೆ ಎಣಿಸಿದಳು. "ಈ ಗೇಟಿನ ಹಿಮ ಆಗಸ್ಟಲ್ಲಿ ಯಾರು ಅಗೀತಾರೆ?"

"ಆಗಸ್ಟಲ್ಲಿ ಇಲ್ಲಿ ಯಾರಿರ್ತಾರಮ್ಮ?"

"ಅದನ್ನೇ ಕೇಳಿದ್ದು."

ಇನ್ನೊಂದು ಮನೆಗೆ ತೂಗುಸೇತುವೆ ದಾಟಬೇಕಿತ್ತು. ಅವಳು ಸೇತುವೆಯ ತನಕವೂ ಹೋಗಲಿಲ್ಲ. ಮತ್ತೊಂದು ಮನೆ ಗುಡ್ಡದ ನೆರಳಿನಲ್ಲಿ ನಿಂತಿತ್ತು. ಮಧ್ಯಾಹ್ನ ಹನ್ನೆರಡಾದರೂ ಅಂಗಳದ ಇಬ್ಬನಿ ಗಾಜಿನ ಹಾಗೆ ಗಟ್ಟಿಯಾಗಿತ್ತು. ಒನೋಫ್ರೆ ದಾರಿಯುದ್ದಕ್ಕೂ ಗೊಣಗಿದ. "ಜನ ಮನೆ ನೋಡೋಕೆ ಬಂದ್ರೆ ಮನೆ ನೋಡ್ತಾರೆ. ನೀವು ಮನೆ ಬಿಟ್ಟು ಎಲ್ಲಾ ನೋಡ್ತೀರಿ. ನೀರಿನ ಪೈಪು ಎಷ್ಟು ಆಳ, ಕರೆಂಟು ಕಂಬ ಎಲ್ಲಿ, ಬಿಸಿಲು ಎಷ್ಟೊತ್ತಿಗೆ. ಅರಮನೆಗೆ ಸೊಸೆ ಹುಡುಕೋರೂ ಇಷ್ಟು ಕೇಳಲ್ಲ."

"ಇನ್ನೊಂದಿದೆ ಅಂದ್ರಲ್ಲ."

ಇತ್ತು. ಗುಡ್ಡದ ಕಡೆಯ ಮನೆ, ಶಾಲೆಯಿಂದ ಹದಿನೈದು ನಿಮಿಷದ ದಾರಿ. ಕಿಟಕಿ ಉತ್ತರಕ್ಕೆ, ಅಲ್ಲಿ ಸೂರ್ಯ ಹಾಯುವ ಕಡೆಗೆ, ಆದ್ದರಿಂದ ದಿನವಿಡೀ ಬಿಸಿಲು. ಒಲೆ ಹೊಸದು. ಮಷಿನ್ನು ಬೆಳಿಗ್ಗೆ ಮೊದಲು ಹಾಯುವ ತುಂಡು ರಸ್ತೆ. ಯಾಸ್ನಾ ಖಾಲಿ ಕೋಣೆಯಲ್ಲಿ ನಿಂತಳು. ತೊಟ್ಟಿಲು ಇಡುವ ಜಾಗ ತಾನಾಗಿ ಕಾಣಿಸಿತು. ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾಯಿತು.

"ಶನಿವಾರ ನಮ್ಮತ್ತೆನ ಕರ್ಕೊಂಡು ಬರ್ತೀನಿ. ಆಮೇಲೆ ಹೇಳ್ತೀನಿ," ಎಂದಳು.

ನೋಲ್ಫಾ ಬರಲು ಒಪ್ಪಿದ್ದೇ ಆಶ್ಚರ್ಯ. "ಒಲೆ ನೋಡೋಕೆ ಬರ್ತೀನಿ, ಅಷ್ಟೇ. ಒಲೆ ಬಗ್ಗೆ ನಿಂಗೆ ಏನೂ ಗೊತ್ತಿಲ್ಲ," ಎಂದು ಗಾಡಿ ಹತ್ತಿದರು. ದಾರಿಯಲ್ಲಿ ಆ ಕೊನೆಯ ತಿರುವು ಬಂದಾಗ ಇಬ್ಬರೂ ಮುಂದಿನ ಗಾಜನ್ನೇ ನೋಡುತ್ತಿದ್ದರು.

ಅಲ್ಲಿಗೆ ಹೋದ ಮೇಲೆ ನೋಲ್ಫಾ ಒಲೆಯ ಹತ್ತಿರ ಸುಳಿಯಲೂ ಇಲ್ಲ. ಮನೆಯ ಹಿಂದಕ್ಕೆ ನಡೆದರು. ಅಲ್ಲಿ ಏಳೆಂಟು ಲೆಂಗಾ ಮರಗಳಿದ್ದವು, ಎಲೆ ಉದುರಿಸಿಕೊಂಡು ಬೋಳಾಗಿ. ಕಾಂಡದ ಮೇಲೆ ಕಣಿವೆಯವರು ಮರದ ಗಡ್ಡ ಎನ್ನುವ ಬೂದು ಹಸಿರಿನ ಎಳೆಗಳು ಜೋತಾಡುತ್ತಿದ್ದವು. ನೋಲ್ಫಾ ಕೈಕೋಲನ್ನು ಮೇಲೆತ್ತಿ ತುದಿಯಿಂದ ಗಡ್ಡದ ಬುಡವನ್ನು ಮುಟ್ಟಲು ನೋಡಿದರು. ಎಟುಕಲಿಲ್ಲ.

"ಬಾ ಇಲ್ಲಿ. ನಿನ್ನ ಪುಸ್ತಕ ತಗೊಂಡು ಬಾ."

ಯಾಸ್ನಾ ಹೋದಳು.

"ಗಡ್ಡ ಎಲ್ಲಿಂದ ಶುರುವಾಗಿದೆ?"

"ಮೇಲಿಂದ. ನಿಮ್ಮ ಕೋಲಿಗಿಂತ ಮೇಲೆ."

"ಕೆಳಗೆ ಯಾಕಿಲ್ಲ?"

ವಿಶ್ವವಿದ್ಯಾಲಯದ ಐದು ವರ್ಷದಲ್ಲಿ ಯಾಸ್ನಾಳನ್ನು ಯಾರೂ ಇದನ್ನು ಕೇಳಿರಲಿಲ್ಲ.

"ಹಿಮದಲ್ಲಿ ಹೂತಿರೋ ಕಡೆ ಗಡ್ಡ ಬೆಳೆಯಲ್ಲ ಮಗಾ. ಎಲ್ಲಿ ತನಕ ಬೋಳೋ ಅಲ್ಲಿ ತನಕ ಹಿಮ, ವರ್ಷಾ ವರ್ಷಾ. ಆ ದಿಬ್ಬ ನೋಡು. ಗಾಳಿ ಅದನ್ನ ದಾಟಿ ಬಂದು ಹೊತ್ತಿದ್ದೆಲ್ಲ ಇಲ್ಲೇ ಸುರಿದು ಹೋಗುತ್ತೆ. ರಸ್ತೆ ತೆರೆದಿರುತ್ತೆ, ಸರಿ. ನಿನ್ನ ಬಾಗಿಲು? ಬಾಗಿಲು ತೆಗೆದ್ರೆ ಬಿಳಿ ಗೋಡೆ." ಅವರು ಒನೋಫ್ರೆಯ ಕಡೆ ತಿರುಗಿದರು. "ನಿಂಗೆ ಗೊತ್ತಿರಲಿಲ್ವೇನೋ ಇದು?"

ಒನೋಫ್ರೆ ಟೋಪಿ ತೆಗೆದು ಒಳಗೆ ಏನೋ ಬಿದ್ದಿರುವ ಹಾಗೆ ನೋಡಿದ. "ನಾನು ಇಲ್ಲಿ ಮಲಗಿಲ್ಲವಲ್ಲ, ದೋನ್ಯಾ ನೋಲ್ಫಾ."

"ಸಾಂತ್ಯಾಗೊದೋರಿಗೆ ಮಾರು ಇದನ್ನ. ಬಸುರಿಗೆ ಕೊಡೋಕೆ ಬರ್ತಾನೆ, ಮುಖ ನೋಡು."

ಹಿಂದಕ್ಕೆ ಹೋಗುವಾಗ ಮಷಿನ್ನು ತಿರುಗುವ ಜಾಗದಲ್ಲಿ ಯಾಸ್ನಾ ಗಾಡಿ ನಿಲ್ಲಿಸಿದಳು. ಆಕಾಶ ಸೀಸದ ಬಣ್ಣಕ್ಕೆ ಬಂದಿತ್ತು. ನಿಜವಾದ ಹಿಮಕ್ಕೆ ಇನ್ನು ಹೆಚ್ಚೆಂದರೆ ಎರಡು ವಾರ. ಶೆಡ್ಡಿನ ಹಿಂದೆ ಗುಡ್ಡದ ಕಡೆಗೆ ಒಂದು ತಗ್ಗಾದ ಮನೆಯಿತ್ತು, ಗೋಡೆಯೆಲ್ಲ ತಗಡು ಹೊಡೆದದ್ದು. ಅವಳು ಅದನ್ನು ನಾಲ್ಕು ವರ್ಷದಿಂದ ದಿನಾ ನೋಡಿದ್ದಳು, ಮನೆಯೆಂದು ಎಂದೂ ಅಂದುಕೊಂಡಿರಲಿಲ್ಲ. ಪಕ್ಕದಲ್ಲಿ ಎರಡು ಲೆಂಗಾ ಮರ. ಇಳಿದು ಹೋಗಿ ನೋಡಿದಳು. ಗಡ್ಡ ಅವಳ ಮೊಣಕಾಲಿನಿಂದಲೇ ಶುರುವಾಗಿತ್ತು.

"ದೋನ್ ರೊಸಾಮೆಲ್! ಈ ಮನೆ ಯಾರದು?"

ರೊಸಾಮೆಲ್ ಕೈ ಒರೆಸಿಕೊಳ್ಳುತ್ತಾ ಬಂದರು. "ನಮ್ಮಕ್ಕಂದು. ಮಗಳ ಮನೆ ಸೇರ್ಕೊಂಡ್ಲು. ಅದು ಮನೆ ಅಲ್ಲ ಟೀಚರಮ್ಮ. ಡೀಸೆಲ್ ವಾಸನೆ. ನಾನು ಆರಕ್ಕೆ ಮಷಿನ್ನು ಶುರು ಮಾಡಿದ್ರೆ ಗೂಡಲ್ಲಿರೋ ತಟ್ಟೆ ಎಲ್ಲಾ ಕುಣಿಯುತ್ತೆ. ಕಿಟಕಿಯಿಂದ ಕಾಣೋದು ಇದರ ಅಂಡು ಒಂದೇ."

"ನಿಮ್ಮ ಮಷಿನ್ನು ಈ ಅಂಗಳದಲ್ಲೇ ತಿರುಗುತ್ತಾ?"

"ಇಲ್ಲೇ. ದಿನಕ್ಕೆರಡು ಸಲ. ಅದಕ್ಕೇ ನಮ್ಮಕ್ಕ ಹೂವಿನ ಗಿಡ ಹಾಕೋದನ್ನೇ ಬಿಟ್ಲು."

"ನನಗೆ ಇದೇ ಬೇಕು."

ರೊಸಾಮೆಲ್ ನೋಲ್ಫಾರ ಮುಖ ನೋಡಿದರು, ಇವಳಿಗೆ ನೀವಾದರೂ ಬುದ್ಧಿ ಹೇಳಿ ಎಂಬ ಹಾಗೆ. ನೋಲ್ಫಾ ಗಾಡಿಯಿಳಿದು ಆ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಕೈಕೋಲು ಎರಡು ಮೊಣಕಾಲುಗಳ ನಡುವೆ ಇತ್ತು. ರೊಸಾಮೆಲ್ ಬೀಗದ ಕೈ ತರಲು ಶೆಡ್ಡಿಗೆ ಹೋದರು.

"ಕಷಾಯ ಕಾಸಿದ್ದು ನಾನು," ಎಂದರು ನೋಲ್ಫಾ.

ಯಾಸ್ನಾ ಅವರ ಪಕ್ಕದಲ್ಲಿ ಕೂತಳು. "ಕುಡಿಸಿದ್ದು ನಾನು."

ಅದರ ಬಗ್ಗೆ ಅವರು ಮತ್ತೆ ಎಂದೂ ಮಾತಾಡಲಿಲ್ಲ. ಆಗ ಮಾತ್ರ ಇಬ್ಬರ ಭುಜ ತಾಗಿಕೊಂಡಿದ್ದವು, ಯಾರೂ ಸರಿಸಲಿಲ್ಲ.

ನೋಲ್ಫಾ ಕೈಕೋಲಿನಿಂದ ಮೇಲಿನ ಗುಡ್ಡ ತೋರಿಸಿ, "ನಿಮ್ಮ ಮಾವ ಇದ್ದಾಗ ಏಪ್ರಿಲ್‌ಗೇ ಮೇಕೆಗಳ ಜೊತೆ ನಾವೂ ಇಳೀತಿದ್ವಿ," ಎಂದರು. "ಬೇಸಗೆಗೆ ಮೇಲಿನ ಬಿಡಾರ, ಚಳಿಗಾಲಕ್ಕೆ ಕೆಳಗಿನ ಬಿಡಾರ. ಅಜ್ಜನ ಕಾಲದಿಂದ ಹಾಗೇ. ಇವನು ಅಷ್ಟು ಚಂದದ ಮನೆ ಕಟ್ಟಿದ. ಗಾಜು ಬಂತು. ಇನ್ಯಾಕೆ ಇಳೀಬೇಕು ಅಂದ್ಕೊಂಡ್ವಿ. ಮೇಕೆಗಳನ್ನ ಮಾತ್ರ ಇಳಿಸಿ ನಾವು ಮೇಲೆ ಕೂತ್ವಿ."

"ನವೆಂಬರಿಗೆ ಮೇಲೆ ಹೋಗೋಣ ಅತ್ತೆ. ಕೂಸಿಗೆ ಆ ಕಿಟಕಿ ತೋರಿಸ್ಬೇಕಲ್ಲ."

"ಹಾಗಾದ್ರೆ ಮನೆ ಬಿಟ್ಟ ಹಾಗಲ್ಲ."

"ಅಲ್ಲ. ಇಳಿದ ಹಾಗೆ."

ನೋಲ್ಫಾ ಎದ್ದರು. "ಒಲೆ ತೋರಿಸು. ಹೊಗೆ ಎಳೆಯದ ಒಲೆ ಆಗಿದ್ರೆ ನಾನು ಬರಲ್ಲ, ಈಗಲೇ ಹೇಳಿರ್ತೀನಿ."

ಒಲೆ ಹೊಗೆ ಎಳೆಯುತ್ತಿರಲಿಲ್ಲ. ನೋಲ್ಫಾ ರೊಸಾಮೆಲ್‌ರನ್ನು ಮಾಡಿನ ಮೇಲೆ ಹತ್ತಿಸಿ, ಹೊಗೆಕೊಳವೆಯಿಂದ ಎರಡು ಹಕ್ಕಿಗೂಡು ತೆಗೆಸಿ, ಮೂರನೇ ದಿನಕ್ಕೆ ಅದನ್ನು ಎಳೆಯುವ ಹಾಗೆ ಮಾಡಿದರು.

ಸಾಮಾನು ಸಾಗಿಸಲು ಗಾಡಿ ನಾಲ್ಕು ಸಲ ಹತ್ತಿ ಇಳಿಯಿತು. ದೊಡ್ಡ ಕಿಟಕಿಗೆ ಒಳಗಿನಿಂದ ಹಲಗೆ ಹೊಡೆದರು. ಕೊನೆಯಲ್ಲಿ ನೋಲ್ಫಾ ಪಿನ್ಯೋನ್ ಮೂಟೆಯನ್ನು ಬಾಗಿಲ ತನಕ ಎಳೆದು ತಂದರು. ಯಾಸ್ನಾ ನೋಡುತ್ತಾ ನಿಂತಳು.

"ಏನು ನೋಡ್ತೀಯಾ? ಬೀಜ ಏನು ಮಾಡಿತ್ತು? ಹಿಡ್ಕೋ ಆ ಕಡೆ. ಬೇಡ, ಬಿಡು, ನೀನು ಎತ್ತಬಾರದು."

ಯಾಸ್ನಾ ಗೂಟದಿಂದ ಸರಪಳಿ ತೆಗೆದು ಮುಂದಿನ ಸೀಟಿನ ಕೆಳಗೆ ಇಟ್ಟಳು. ಒಣ ರಸ್ತೆಯಲ್ಲಿ ನಾಲ್ಕು ಕಿಲೋಮೀಟರು. ಗಡಿಯಾರ ನೋಡಿದಳು. ಹನ್ನೊಂದು ನಿಮಿಷ.

ನಿಜವಾದ ಹಿಮ ಜೂನ್ ಇಪ್ಪತ್ತಕ್ಕೆ ಬಂತು. ಬೆಳಿಗ್ಗೆ ಆರಕ್ಕೆ ಗೂಡಿನಲ್ಲಿದ್ದ ತಟ್ಟೆಗಳು ಕುಣಿದವು, ಕಿಟಕಿಯಲ್ಲಿ ಹಳದಿ ದೀಪ ಓಡಾಡಿತು. ಪಕ್ಕದ ಹಾಸಿಗೆಯಿಂದ ನೋಲ್ಫಾ ರೊಸಾಮೆಲ್‌ರ ಅಮ್ಮನನ್ನು ನೆನೆಸಿಕೊಂಡು ಮಗ್ಗುಲಾದರು. ಯಾಸ್ನಾ ಎದ್ದು ಬೂಟು ಹಾಕಿಕೊಂಡಳು, ಸರಪಳಿಯನ್ನು ಹೆಗಲಿಗೆ ಹಾಕಿಕೊಂಡು ಬಾಗಿಲು ತೆಗೆದಳು. ಹಿಮ ಮೊಣಕಾಲಿನಷ್ಟಿತ್ತು. ಗಡ್ಡ ಹೇಳಿದಷ್ಟೇ. ಅದರಾಚೆ ಅಂಗಳ ಬರಿದಾಗಿ, ಅಲಗು ಎಳೆದ ಗೆರೆಗಳೊಂದಿಗೆ, ರಸ್ತೆಗೆ ಕೂಡಿಕೊಂಡಿತ್ತು.

ರೊಸಾಮೆಲ್ ಮಷಿನ್ನಿನಿಂದ ಬಗ್ಗಿ ನೋಡಿದರು. "ಎಬ್ಬಿಸಿಬಿಟ್ನಾ? ಹೇಳಿರಲಿಲ್ವಾ ನಾನು?"

"ಇದನ್ನ ಕೊಡೋಣ ಅಂತ ಬಂದೆ."

"ಈಗಾ? ಚಳಿಗಾಲ ಈಗ ತಾನೇ ಶುರು. ಇಟ್ಕೊಳ್ಳಿ ಟೀಚರಮ್ಮ."

"ಶಾಲೆಗೆ ನಡ್ಕೊಂಡೇ ಹೋಗ್ತೀನಿ. ಇನ್ನು ಬೇಕಾಗಲ್ಲ." ಅವಳು ಸರಪಳಿಯನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದಳು. "ಎರಡು ದಿನಕ್ಕೆ ಅಂತ ಇಸ್ಕೊಂಡಿದ್ದ. ವರ್ಷ ಆಯ್ತು."

ರೊಸಾಮೆಲ್ ಕೆಳಗಿಳಿದು ಬಂದು ತೆಗೆದುಕೊಂಡರು.

"ಒಂದು ಕೊಂಡಿ ಕಿತ್ತು ಹೋಗಿತ್ತು. ಅವನು ತಂತಿ ಸುತ್ತಿದಾನೆ. ಚಕ್ರಕ್ಕೆ ಹಾಕೋ ಮುಂಚೆ ನೋಡ್ಕೊಳ್ಳಿ."

ರೊಸಾಮೆಲ್ ಕೈಗವಸು ಬಿಚ್ಚಿ, ದೀಪದ ಬೆಳಕಿಗೆ ಹಿಡಿದು, ಒಂದೊಂದೇ ಕೊಂಡಿಯನ್ನು ಬೆರಳಿನಿಂದ ಸವರುತ್ತಾ ಹೋದರು. ತಂತಿ ಸಿಕ್ಕಿತು. ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಗಟ್ಟಿಯಾಗಿದೆ," ಎಂದರು.